ಅರ್ಧ ಹಾಳೆಯ ದಪ್ಪದ ಲೆಕ್ಕ

ಅಮೆರಿಕದ ಒಹಾಯೊ ರಾಜ್ಯ. ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ರಾಷ್ಟ್ರೀಯ ಗುರಿ ಹೊಡೆಯುವ ಸ್ಪರ್ಧೆಗಳು ಶುರುವಾದದ್ದು 1907ರಲ್ಲಿ. ಈ ಸೀಮೆಯಲ್ಲಿ ಹೊಡೆದ ಕಾಡತೂಸನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರು ಅಪರೂಪವೇನಲ್ಲ. ನಾನು ಹೊಕ್ಕ ಗ್ಯಾರೇಜಿನಲ್ಲಂತೂ ಕಾರಿಗೆ ಜಾಗವೇ ಉಳಿದಿಲ್ಲ, ಗೋಡೆಯುದ್ದಕ್ಕೂ ಬೆಂಚು.

ಎಡತುದಿಯಲ್ಲಿ ಟಂಬ್ಲರ್ ಗರಗರ ತಿರುಗುತ್ತಿದೆ. ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಹೊರಳಿ ಪಾಯಿಂಟ್ 308 ವಿಂಚೆಸ್ಟರ್ ಕಾಡತೂಸಿನ ಖಾಲಿ ಹಿತ್ತಾಳೆ ಕೇಸುಗಳು ಫಳಫಳ ಎನ್ನುತ್ತಿವೆ. ಮಸಿ ಹೋದರೆ ಸಾಕು, ಹೊಳಪು ಬರೀ ಶೋಕಿ.

ನಿಜವಾದ ಕೆಲಸ ಪ್ರೆಸ್ಸಿನದು. ಗುಂಡು ಹಾರುವಾಗ ಕೇಸು ಉಬ್ಬಿ ಬಂದೂಕಿನ ಚೇಂಬರಿನ ಗೋಡೆಗೆ ಅಂಟುತ್ತದೆ. ಪ್ರೆಸ್ಸಿಗೆ ಹಾಕಿದ ಅಚ್ಚು, ಅಂದರೆ ಡೈ, ಅದನ್ನು ಮತ್ತೆ ಅಳತೆಗೆ ಅಮುಕಬೇಕು. ಹೊಸಬರು ಡೈಯನ್ನು ತಳಮುಟ್ಟ ತಿರುಗಿಸಿಬಿಡುತ್ತಾರೆ. ಆಗ ಕೇಸಿನ ಭುಜ, ಅಂದರೆ ಕೊರಳಿನ ಕೆಳಗಿನ ಇಳಿಜಾರು, ಬೇಕಾದ್ದಕ್ಕಿಂತ ಹಿಂದೆ ಸರಿಯಬಹುದು. ಮುಂದಿನ ಹೊಡೆತಕ್ಕೆ ಹಿತ್ತಾಳೆ ಅಷ್ಟೂ ಹಿಗ್ಗುತ್ತದೆ, ಬುಡದ ಮೇಲ್ಭಾಗ ತೆಳ್ಳಗಾಗುತ್ತದೆ. ಹೀಗೇ ಮಾಡುತ್ತಾ ಹೋದರೆ ಒಂದು ದಿನ ಕೇಸು ಚೇಂಬರಿನಲ್ಲೇ ಎರಡು ತುಂಡು. ಬಿಸಿ ಅನಿಲ ಬಂದೂಕು ಹಿಡಿದವನ ಕಡೆಗೇ ನುಗ್ಗಬಹುದು.

ಈ ಮನೆಯವರು ಮೊದಲು ತಮ್ಮದೇ ಬಂದೂಕಿನಲ್ಲಿ ಹೊಡೆದ ಕೇಸಿನ ಭುಜವನ್ನು ಕ್ಯಾಲಿಪರ್‌ನಲ್ಲಿ ಅಳೆದರು. ಆಮೇಲೆ ಡೈ ಇಳಿಸಿದ್ದು ಭುಜ 0.05 ಮಿಲಿಮೀಟರ್ ಹಿಂದಕ್ಕೆ ಹೋಗುವಷ್ಟೇ. ಪುಸ್ತಕದ ಹಾಳೆಯ ಅರ್ಧ ದಪ್ಪ! ಅದಕ್ಕೆ ಅರ್ಧ ಗಂಟೆ ಹಿಡಿಯಿತು. ನನಗೆ ಆಕಳಿಕೆ ಬಂದದ್ದು ಬೇರೆ ಮಾತು.

ಅಮುಕುವ ಮುನ್ನ ಕೇಸಿಗೆ ಸವರುವ ಎಣ್ಣೆಯದೂ ಹದವೇ. ಕಡಿಮೆಯಾದರೆ ಕೇಸು ಡೈಯಲ್ಲಿ ಕಚ್ಚಿಕೊಂಡು ಈಚೆಗೆ ಬಾರದು. ಭುಜದ ಮೇಲೆ ಜಾಸ್ತಿಯಾದರೆ ಎಣ್ಣೆ ಒಳಗೇ ಸಿಕ್ಕಿ ತಗ್ಗು ಬೀಳಿಸುತ್ತದೆ. ಅಮುಕಿದ ಹಿತ್ತಾಳೆ ಕೊರಳಿನ ಕಡೆ ಉದ್ದವಾಗುವುದರಿಂದ ಮತ್ತೆ ಅಳತೆ. 51.18 ಮಿಲಿಮೀಟರ್ ಮೀರಿದ್ದನ್ನು 50.93ಕ್ಕೆ ಕತ್ತರಿಸಿ, ಬಾಯಿಯ ಚೂಪು ಅಂಚನ್ನು ಒಳಗೂ ಹೊರಗೂ ಕೆರೆದರು.

ಇಲ್ಲಿರುವ ಅತಿ ಅಗ್ಗದ ಸಲಕರಣೆ ತುದಿ ಬಗ್ಗಿಸಿದ ಪೇಪರ್ ಕ್ಲಿಪ್.

“ಕೇಸಿನೊಳಗೆ ಬಿಟ್ಟು ಬುಡದಿಂದ ಮೇಲಕ್ಕೆ ಎಳೀರಿ,” ಎಂದರು.

ಎಳೆದೆ. ಬುಡದಿಂದ ಸ್ವಲ್ಪ ಮೇಲೆ ತಂತಿ ಟಕ್ಕೆಂದು ಸಿಕ್ಕಿಕೊಂಡಿತು. ಹೊರಗಿಂದ ನೋಡಿದರೆ ಲೋಪವೇ ಇಲ್ಲ. ಒಳಗೆ ಸುತ್ತಲೂ ಹಿತ್ತಾಳೆ ತೆಳುವಾಗಿ ಸಣ್ಣ ಕಾಲುವೆ. ಅವರು ಇಕ್ಕಳದಿಂದ ಆ ಕೇಸಿನ ಬಾಯಿ ಚಪ್ಪಟೆ ಮಾಡಿ ಗುಜರಿ ಡಬ್ಬಕ್ಕೆ ಎಸೆದರು. ಅದೇ ಸಲ ಹೊಡೆದ ಉಳಿದ ಕೇಸುಗಳಿಗೂ ಒಂದೊಂದಾಗಿ ತಂತಿ ಬಿಡತೊಡಗಿದರು.