ಕೊಟ್ಟಿಗೆಯಾದ ಉಗ್ರಾಣ

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ರಸ್ತೆ ಮಕ್ಕಂದೂರು, ಹಟ್ಟಿಹೊಳೆಗಳನ್ನು ದಾಟಿ ಮಾದಾಪುರಕ್ಕೆ ಬರುತ್ತದೆ. ಸುತ್ತಲೂ ಬೆಟ್ಟಗಳು, ಅವುಗಳ ಇಳಿಜಾರಿನಲ್ಲಿ ಮರಗಳ ನೆರಳಿನ ಕಾಫಿ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಮಾದಾಪುರದ ಹೊಳೆ ಮುಂದೆ ಹಾರಂಗಿಯನ್ನು ಸೇರುತ್ತದೆ, ಹಾರಂಗಿ ಕಾವೇರಿಯನ್ನು ಸೇರುತ್ತದೆ. ಇಂತಹ ಸೀಮೆಯಲ್ಲಿ ಬೇಸಾಯಗಾರನಿಗೆ ತಾನು ವಾಸಿಸುವ ಮನೆಯೊಂದಿದ್ದರೆ ಸಾಲದು. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಸುರಿಯುವಲ್ಲಿ ಬೆಳೆದುದನ್ನು ಕಾಪಾಡಲು ಬೇರೆ ಸೂರುಗಳು ಬೇಕು. ಭತ್ತಕ್ಕೆ ಕಣಜ, ಕಾಫಿಗೆ ಉಗ್ರಾಣ, ಏಲಕ್ಕಿಯನ್ನು ಒಣಗಿಸಲು ಒಂದು ಮನೆ, ಗೊಬ್ಬರ ಮತ್ತು ಔಷಧಗಳಿಗೆ ಒಂದು ಕೊಠಡಿ, ಕೂಲಿಕಾರರಿಗೆ ಲೈನ್ ಮನೆಗಳು, ಹೀಗೆ ತೋಟವೆಂದರೆ ಹಲವು ಕಟ್ಟಡಗಳ ಒಂದು ಗುಂಪು.

ಬೇಸಾಯ ಬದಲಾದಂತೆ ಈ ಕಟ್ಟಡಗಳಲ್ಲಿ ಕೆಲವು ಬರಿದಾದವು. ಏಲಕ್ಕಿಗೆ ಕಟ್ಟೆ ರೋಗ ತಗುಲಿತು. ಸಸ್ಯಹೇನುಗಳು ಹರಡುವ ಒಂದು ವೈರಸ್ಸಿನಿಂದ ಬರುವ ಈ ರೋಗ ಎಲೆಗಳ ಮೇಲೆ ತಿಳಿಹಸಿರಿನ ಗೆರೆಗಳಾಗಿ ಕಾಣಿಸಿಕೊಂಡು ಗಿಡವನ್ನು ಕುಗ್ಗಿಸುತ್ತದೆ. ಏಲಕ್ಕಿ ಹೋದ ತೋಟದಲ್ಲಿ ಅದನ್ನು ಒಣಗಿಸುವ ಮನೆಗೆ ಕೆಲಸವಿಲ್ಲ. ಗದ್ದೆಯನ್ನು ಪಾಳುಬಿಟ್ಟವನಿಗೆ ಕಣಜ ಬೇಕಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಬಂದಮೇಲೆ ದೊಡ್ಡ ತೋಟಗಳ ಮಾಲೀಕರು ಕೂಲಿಕಾರರಿಗೆ ವಸತಿ ಒದಗಿಸಬೇಕಾಯಿತು. ಆದರೆ ಕೆಲಸಗಾರರು ಊರುಗಳಿಂದಲೇ ವಾಹನಗಳಲ್ಲಿ ಬಂದು ಹೋಗುವ ಕಡೆ ಲೈನ್ ಮನೆಗಳ ಬಾಗಿಲಿಗೂ ಬೀಗ ಬಿತ್ತು. ಗೋಡೆ ಗಟ್ಟಿಯಾಗಿದೆ, ಹೆಂಚು ಉಳಿದಿದೆ, ಒಳಗೆ ಮಾತ್ರ ಯಾರೂ ಇಲ್ಲ.

ಇತ್ತ ಹೈನುಗಾರಿಕೆಗೆ ಕೊಡಗಿನಲ್ಲಿ ಹಳೆಯ ಬೇರಿದೆ. ಹಾರಂಗಿ ಕಾವೇರಿಯನ್ನು ಕೂಡುವ ಕೂಡಿಗೆಯಲ್ಲಿ 1955ರಲ್ಲಿಯೇ ಡೈರಿ ಸ್ಥಾಪನೆಯಾಯಿತು. ಇಂದಿನ ಕರ್ನಾಟಕದ ಮೊದಲ ಡೈರಿಯೆಂಬ ಹೆಸರು ಅದರದು. ಆಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತೆಂಬುದು ಸ್ವಾರಸ್ಯದ ಸಂಗತಿ. ಎರಡು ಹಸುಗಳನ್ನು ಸಾಕಬಯಸುವ ಸಣ್ಣ ಹಿಡುವಳಿದಾರನಿಗೆ ಹೊಸ ಕೊಟ್ಟಿಗೆ ಕಟ್ಟಿಸುವುದು ದೊಡ್ಡ ಖರ್ಚು. ಕಣ್ಣೆದುರಿಗೆ ಹಳೆಯ ಉಗ್ರಾಣವಿದೆ. ಅದರೊಳಗೆ ಹಸುವನ್ನು ಕಟ್ಟಿದರಾಯಿತಲ್ಲ ಎಂದು ಅವನಿಗೆ ತೋರುವುದು ಸಹಜ. ಆದರೆ ಸಂಕಟ ಆರಂಭವಾಗುವುದು ಇಲ್ಲಿಂದಲೇ.

ಉಗ್ರಾಣವನ್ನು ಕಟ್ಟಿದ್ದು ಪದಾರ್ಥಕ್ಕಾಗಿ. ಕೊಟ್ಟಿಗೆ ಬೇಕಿರುವುದು ಪ್ರಾಣಿಗೆ. ಭತ್ತದ ಮೂಟೆಗೆ ಹೊರಗಿನ ತೇವ ಶತ್ರು. ಆದುದರಿಂದ ಅದರ ಮನೆಗೆ ಕಿಟಕಿ ಕಡಿಮೆ, ಬಾಗಿಲು ಒಂದೇ. ಹಸುವಿನ ವಿಷಯ ಇದಕ್ಕೆ ವಿರುದ್ಧ. ಅದರ ಮೈಯ ಉಷ್ಣತೆ ಸುಮಾರು ಮೂವತ್ತೆಂಟೂವರೆ ಡಿಗ್ರಿ ಸೆಲ್ಸಿಯಸ್. ಉಸಿರಿನಿಂದಲೂ ಮೈಯಿಂದಲೂ ಅದು ಪ್ರತಿದಿನ ಹಲವಾರು ಲೀಟರುಗಳಷ್ಟು ನೀರನ್ನು ಆವಿಯಾಗಿ ಹೊರಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಆವಿಗೆ ದಾರಿಯಿಲ್ಲ. ರಾತ್ರಿ ಮಾಡು ತಣ್ಣಗಾದಾಗ ಅದು ತಗಡಿನ ಅಡಿಯಲ್ಲಿ ಹನಿಗೂಡಿ ದನಗಳ ಬೆನ್ನಿನ ಮೇಲೆಯೇ ಬೀಳುತ್ತದೆ. ಮಾಡು ಸೋರುತ್ತಿದೆಯೆಂದು ಯಜಮಾನನು ತಗಡನ್ನು ಮತ್ತಷ್ಟು ಬಿಗಿಗೊಳಿಸುತ್ತಾನೆ! ಗಂಜಲದಿಂದೇಳುವ ಅಮೋನಿಯಾ ಇದರೊಡನೆ ಸೇರಿ ಕರುಗಳ ಶ್ವಾಸಕೋಶಕ್ಕೆ ತಗುಲುತ್ತದೆ. ಕೆಮ್ಮು ಮೊದಲಾಗಿ ನ್ಯುಮೋನಿಯಾದವರೆಗೂ ಹೋಗುತ್ತದೆ. ಮಲೆನಾಡು ಗಿಡ್ಡದಂತಹ ಚಿಕ್ಕ ಮೈಯ ಹಸುವಿಗಿಂತ ಜರ್ಸಿ ಮಿಶ್ರತಳಿಯ ದೊಡ್ಡ ಹಸು ಹೊರಸೂಸುವ ಶಾಖವೂ ತೇವವೂ ಹೆಚ್ಚು.

ಇದಕ್ಕೆ ಪರಿಹಾರವನ್ನು ಏಲಕ್ಕಿಯ ಮನೆಯೇ ಹೇಳಿಕೊಡುತ್ತದೆ. ಅಲ್ಲಿ ಕಟ್ಟಿಗೆಯ ಬೆಂಕಿಯ ಬಿಸಿಯನ್ನು ಕೊಳವೆಗಳಲ್ಲಿ ಹರಿಸಿ, ತಟ್ಟೆಗಳಲ್ಲಿ ಹರಡಿದ ಹಸಿ ಕಾಯಿಗಳನ್ನು ಸುಮಾರು ಐವತ್ತು ಡಿಗ್ರಿಯ ಶಾಖದಲ್ಲಿ ಒಣಗಿಸುತ್ತಿದ್ದರು. ಕಾಯಿಗಳು ಬೆವರತೊಡಗಿದಾಗ ಮೇಲಿನ ಗವಾಕ್ಷಗಳನ್ನು ತೆರೆದು ಆವಿಯನ್ನು ಹೊರಬಿಟ್ಟು, ಆಮೇಲೆ ಮುಚ್ಚುತ್ತಿದ್ದರು. ಬಿಸಿಯಾದ ತೇವದ ಗಾಳಿ ಮೇಲಕ್ಕೇರುತ್ತದೆ ಎಂಬುದನ್ನು ಬಲ್ಲವರು ಅವರು. ಕೊಟ್ಟಿಗೆಯಲ್ಲಿ ಆ ಗವಾಕ್ಷವನ್ನು ಮುಚ್ಚದೆ ಬಿಡಬೇಕು, ಅಷ್ಟೇ. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸಂದು ಬಿಟ್ಟು, ಅದರ ಮೇಲೆ ಮಳೆ ಬೀಳದಂತೆ ಚಿಕ್ಕ ಮಾಡೊಂದನ್ನು ಎತ್ತಿ ಕೂರಿಸಬೇಕು. ಹೊಸ ಗಾಳಿ ಒಳಬರಲು ಸೂರಿನ ಕೆಳಗೆ ಗೋಡೆಯನ್ನು ತೆರೆಯಬೇಕು. ಮುಂಗಾರಿನ ಎರಚಲು ಬಡಿಯುವ ಪಡುವಣ ದಿಕ್ಕಿನಲ್ಲಿ ಸೂರನ್ನು ಮುಂದಕ್ಕೆ ಚಾಚಿಸಿದರೆ ಗೋಡೆಯೂ ಉಳಿಯುತ್ತದೆ, ಗಾಳಿಯೂ ಬರುತ್ತದೆ. ದನಗಳಿಗೆ ಚಳಿಯಾದೀತೆಂದು ಸಂದುಗಳಿಗೆಲ್ಲ ಗೋಣಿಚೀಲ ತುರುಕುವವರುಂಟು. ಒಣಗಿದ ಮೈಯ ಹಸು ಕೊಡಗಿನ ಚಳಿಯನ್ನು ಸುಲಭವಾಗಿ ತಡೆಯಬಲ್ಲದು. ಅದು ತಡೆಯಲಾರದ್ದು ತೇವವನ್ನು. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದು, ಕರುವಿನ ಮೂಗಿನ ಎತ್ತರಕ್ಕೆ ಬಾಗಿ ಉಸಿರೆಳೆದುಕೊಂಡರೆ ಸಾಕು. ಕಣ್ಣು ಉರಿದರೆ ಗಾಳಿ ಸಾಲದೆಂದರ್ಥ.

ಬ್ರಿಟನ್ನಿನ ಹಳೆಯ ಕಲ್ಲಿನ ಕಣಜಗಳಲ್ಲಿ ಕರುಗಳನ್ನು ಸಾಕಿದವರೂ ಇದೇ ಪಾಠವನ್ನು ನಷ್ಟಪಟ್ಟು ಕಲಿತರು.

ಇನ್ನು ನೆಲ. ಕಾಫಿ ಚೀಲಗಳಿಗೆಂದು ನುಣುಪಾಗಿ ತೀಡಿದ ಸಿಮೆಂಟಿನ ನೆಲದ ಮೇಲೆ ಸಗಣಿ ನೀರು ಬಿದ್ದರೆ ಹಸುವಿನ ಗೊರಸು ನಿಲ್ಲದು. ಗಬ್ಬದ ಹಸು ಜಾರಿ ಬಿದ್ದರೆ ಮತ್ತೆ ಏಳದೆಯೇ ಹೋಗಬಹುದು. ಆದುದರಿಂದ ನೆಲವನ್ನು ಉಳಿಯಿಂದ ಕೆತ್ತಿ ತರಿತರಿ ಮಾಡಬೇಕು. ಉಗ್ರಾಣದ ನೆಲ ಸಮತಟ್ಟು. ಕೊಟ್ಟಿಗೆಯ ನೆಲಕ್ಕೆ ನಲವತ್ತು ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಬೇಕು, ಹಿಂಬದಿಗೆ ಸುಮಾರು ಒಂದು ಅಡಿ ಅಗಲದ ಕಾಲುವೆ ಬೇಕು. ದೊಡ್ಡ ಹಸುವೊಂದಕ್ಕೆ ಸೂರಿನಡಿಯಲ್ಲಿ ಮೂರೂವರೆ ಚದರ ಮೀಟರ್ ಜಾಗವನ್ನು ಲೆಕ್ಕ ಹಿಡಿಯುತ್ತಾರೆ. ಇದಕ್ಕಿಂತ ಇಕ್ಕಟ್ಟಾದರೆ ಹಸು ತನ್ನ ಸಗಣಿಯ ಮೇಲೆಯೇ ಮಲಗಿ ಕೆಚ್ಚಲು ಬಾವಿಗೆ ಗುರಿಯಾಗುತ್ತದೆ. ಮಲೆನಾಡಿನ ಹಿರಿಯರು ಕೊಟ್ಟಿಗೆಗೆ ಸೊಪ್ಪು, ತರಗೆಲೆಗಳನ್ನು ಹಾಸುತ್ತಿದ್ದುದು ದನಗಳಿಗೆ ಬೆಚ್ಚಗಿನ ಹಾಸಿಗೆಯೂ ಆಯಿತು, ತೋಟಕ್ಕೆ ಗೊಬ್ಬರವೂ ಆಯಿತು. ಕಾಲುವೆಯ ನೀರನ್ನು ಗೊಬ್ಬರದ ಗುಂಡಿಗೆ ತಿರುಗಿಸಬೇಕೇ ಹೊರತು ಹೊಳೆಗಲ್ಲ. ಅದೇ ನೀರು ಕೆಳಗಿನ ಊರುಗಳಿಗೂ ಹರಿದುಹೋಗುವಂಥದು.

ಲೈನ್ ಮನೆಯ ಚಿಕ್ಕ ಕೋಣೆಗಳು ದೊಡ್ಡ ಹಸುಗಳಿಗೆ ಒಗ್ಗುವುದಿಲ್ಲ. ಮೇಕೆಗಳಿಗೂ ಕರುಗಳಿಗೂ ಅವು ಸಾಕು. ಜಾಗ ಹೆಚ್ಚಿಸಲೆಂದು ನಡುಗೋಡೆಯನ್ನು ಕೆಡವಹೊರಟವರು ಮಾಡಿನ ಭಾರವನ್ನು ಹೊತ್ತಿರುವುದು ಆ ಗೋಡೆಯೇ ಹೌದೋ ಅಲ್ಲವೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದುದು ಔಷಧ ಇಟ್ಟಿದ್ದ ಕೊಠಡಿಯ ವಿಷಯದಲ್ಲಿ. ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತವನ್ನು ಶೇಖರಿಸುತ್ತಾರೆ. ಅದರಲ್ಲಿರುವ ತಾಮ್ರ ಕುರಿಗಳಿಗೆ ಬಹು ಬೇಗ ವಿಷವಾಗುತ್ತದೆ. ಕಾಫಿಯ ಬಿಳಿ ಕಾಂಡಕೊರಕ ಹುಳುವಿಗೆ ಹಿಂದೆ ಲಿಂಡೇನ್ ಬಳಿಯುತ್ತಿದ್ದರು. ಈಗ ಅದು ನಿಷಿದ್ಧವಾಗಿದ್ದರೂ, ವರ್ಷಗಟ್ಟಲೆ ಚೆಲ್ಲಿದ ಪುಡಿ ಮಣ್ಣಿನ ನೆಲದಲ್ಲಿ ಉಳಿದಿರಬಹುದು. ದನಗಳು ಗೋಡೆಯನ್ನು ನೆಕ್ಕುತ್ತವೆ, ನೆಲವನ್ನು ಮೂಸುತ್ತವೆ. ಹಾಲಿನ ಕೊಬ್ಬಿನಲ್ಲಿ ಇಂತಹ ವಿಷ ಸೇರಿ ಮನುಷ್ಯನಿಗೇ ಮರಳುತ್ತದೆ. ಅಂಥ ಕೊಠಡಿಯನ್ನು ತೊಳೆದು ಸುಣ್ಣ ಬಳಿದು ಸಮಾಧಾನಪಡುವುದಕ್ಕಿಂತ ಸೌದೆ ಇಡಲು ಬಿಟ್ಟುಬಿಡುವುದೇ ಲೇಸು.

ಕಟ್ಟಡವನ್ನು ನೋಡಿದಮೇಲೆ ಅದರ ಬೆನ್ನಿನ ಬೆಟ್ಟವನ್ನೂ ನೋಡಬೇಕು. 2018ರ ಆಗಸ್ಟ್ ಮಧ್ಯದಲ್ಲಿ ಎಡೆಬಿಡದ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಿನ ಗುಡ್ಡಗಳು ಕುಸಿದವು. ತೋಟಗಳೂ ಮನೆಗಳೂ ಮಣ್ಣಿನಡಿ ಸೇರಿದವು. ದನಕರುಗಳನ್ನು ಹಿಂದೆ ಬಿಟ್ಟು ಅನೇಕರು ಪರಿಹಾರ ಕೇಂದ್ರಗಳಿಗೆ ಹೋಗಬೇಕಾಯಿತು. ಕಟ್ಟಡಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದುದು ಈ ಕುಸಿತದ ಕಾರಣಗಳಲ್ಲೊಂದೆಂದು ಭೂವಿಜ್ಞಾನಿಗಳು ಗುರುತಿಸಿದರು. ಹಳೆಯ ಉಗ್ರಾಣದ ಹಿಂದಿನ ದರೆಯಲ್ಲಿ ಬಿರುಕು ಕಂಡರೆ, ಅಥವಾ ಬುಡದಲ್ಲಿ ಹೊಸದಾಗಿ ಕೆಸರುನೀರು ಒಸರಿದರೆ, ಆ ಕಟ್ಟಡ ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿ ದನ ಕಟ್ಟಲಾಗದು. ದರೆಯ ಮೇಲ್ಭಾಗದಲ್ಲಿ ಮಳೆನೀರನ್ನು ಬೇರೆಡೆಗೆ ಸಾಗಿಸುವ ಕಾಲುವೆ ಇರಬೇಕು. ಬಾಗಿಲು ಹೊರಮುಖವಾಗಿ ತೆರೆಯುವಂತಿರಬೇಕು. ಮಳೆಗಾಲದ ರಾತ್ರಿಗಳಲ್ಲಿ ದನಗಳನ್ನು ಕಬ್ಬಿಣದ ಸರಪಳಿಯಿಂದ ಬಿಗಿಯದೆ, ಕತ್ತಲೆಯಲ್ಲಿಯೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ ಹಗ್ಗದಿಂದ ಕಟ್ಟಬೇಕು.