ಕಾಲಜ್ಞಾನ ಬರೆದದ್ದು ಯಾವ ಕಾಲದಲ್ಲಿ?

ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಗ್ರಾಮದ ದುರಂತಕ್ಕೆ ತಾರೀಖಿದೆ. 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಾದ ರಜಾಕಾರರು ಇಲ್ಲಿ ನಡೆಸಿದ ಹತ್ಯಾಕಾಂಡವನ್ನು ಬದುಕುಳಿದವರೇ ಹೇಳಿದರು. ಪಕ್ಕದ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಪತನ ನಮಗೆ ತಲುಪಿದ್ದು ಬೇರೆ ದಾರಿಯಲ್ಲಿ.

12ನೇ ಶತಮಾನದಲ್ಲಿ ಅಲ್ಲಿನ ದೊರೆ ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ನಾಲ್ಕು ಶತಮಾನ ಕಳೆದು, 1584ರ ಹೊತ್ತಿಗೆ ವಿರೂಪಾಕ್ಷ ಪಂಡಿತ ‘ಚೆನ್ನಬಸವ ಪುರಾಣ’ ಬರೆದ. ಅದರಲ್ಲಿ ಚೆನ್ನಬಸವಣ್ಣ ಸೊನ್ನಲಿಗೆಯ ಸಿದ್ಧರಾಮನಿಗೆ ಮುಂದಾಗುವುದನ್ನೆಲ್ಲ ಕಾಲಜ್ಞಾನವಾಗಿ, ಅಂದರೆ ಭವಿಷ್ಯವಾಣಿಯಾಗಿ, ಹೇಳುತ್ತಾನೆ. ವೀರ ವಸಂತರಾಯ ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂದೂ ಭರವಸೆ ಕೊಡುತ್ತಾನೆ. ಬಾಯಿ 12ನೇ ಶತಮಾನದ್ದು, ಕೈ 16ನೆಯದು. ವಿಜಯನಗರವನ್ನು ಉರುಳಿಸಿದ ತಾಳಿಕೋಟೆ ಕದನ ಮುಗಿದು ಆಗಲೇ ಸುಮಾರು ಎರಡು ದಶಕವಾಗಿತ್ತು. ವಸಂತರಾಯ ಮಾತ್ರ ಬರಲಿಲ್ಲ.

ಬೀದರ್ ಸೀಮೆಯ ಮೆಥೋಡಿಸ್ಟ್ ಸಭೆಗಳು ಓದುವ ಬೈಬಲ್ಲಿನಲ್ಲೂ ಇಂಥದೇ ಕಗ್ಗಂಟಿದೆ. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಶಿಷ್ಯನೊಬ್ಬ ಜೆರುಸಲೇಮಿನ ದೇವಾಲಯದ ಕಲ್ಲುಗಳನ್ನು ಕೊಂಡಾಡಿದಾಗ, ಅವೆಲ್ಲ ಉರುಳುತ್ತವೆ ಎನ್ನುತ್ತಾನೆ ಯೇಸು. ಕ್ರಿ.ಶ. 70ರಲ್ಲಿ ಟೈಟಸ್‌ನ ರೋಮನ್ ಸೇನೆ ಅದನ್ನು ನೆಲಸಮ ಮಾಡಿತು. ನಂಬುವವರಿಗೆ ಅಲ್ಲಿಗೆ ವಾದ ಮುಗಿಯಿತು. ಇಂದಿಗೂ ಯೆಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆ ಉಳಿದಿದೆಯಲ್ಲ ಎಂದರೆ, ಅದು ದೇವಾಲಯದ್ದಲ್ಲ, ಅದರ ದಿಬ್ಬಕ್ಕೆ ಕಟ್ಟಿದ ತಡೆಗೋಡೆ ಎಂಬ ಉತ್ತರ ಸಿದ್ಧವಿದೆ.

ವಿದ್ವಾಂಸರ ಪ್ರಶ್ನೆ ಬೇರೆ. ಮಾರ್ಕನ ಸುವಾರ್ತೆ ರೂಪುಗೊಂಡದ್ದೇ 70ರ ಆಸುಪಾಸಿನಲ್ಲಿ ಎನ್ನುತ್ತಾರೆ ಬಹುಪಾಲು ಮಂದಿ. ಮಾರ್ಕನಲ್ಲಿ ಬರುವ ‘ಹಾಳುಮಾಡುವ ಅಸಹ್ಯ ವಸ್ತು’ ಎಂಬ ಒಗಟಿನ ಮಾತಿನ ಜಾಗದಲ್ಲಿ ಲೂಕನ 21ನೇ ಅಧ್ಯಾಯ ಊರನ್ನು ಮುತ್ತಿದ ದಂಡನ್ನೇ ತಂದು ನಿಲ್ಲಿಸುತ್ತದೆ. ಲೂಕನಿಗೆ ಮುತ್ತಿಗೆಯ ಸುದ್ದಿ ತಿಳಿದಿತ್ತು ಎಂದು ಹಲವರು ಊಹಿಸುವುದು ಇದರಿಂದಲೇ.

ಹಾಗೆಂದು ಎಲ್ಲವೂ ಆಮೇಲೆ ಹೆಣೆದ ಕಥೆಯೆನ್ನುವುದೂ ಅವಸರ. ದೇವಾಲಯ ಹಾಳಾದೀತೆಂದು ಮೀಕ, ಯೆರೆಮೀಯ ಮೊದಲಾದ ಪ್ರವಾದಿಗಳು ಶತಮಾನಗಳ ಹಿಂದೆಯೇ ಗದರಿಸಿದ್ದರು. ಯುದ್ಧಕ್ಕೆ ನಾಲ್ಕು ವರ್ಷ ಮುಂಚೆ ಯೇಸು ಬೆನ್ ಅನನಿಯ ಎಂಬ ಹಳ್ಳಿಗನೊಬ್ಬ ಜೆರುಸಲೇಮಿನ ಬೀದಿಗಳಲ್ಲಿ ಅದನ್ನೇ ಕೂಗುತ್ತ ತಿರುಗಿ ಏಟು ತಿಂದನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ನಜರೇತಿನ ಯೇಸುವೂ ಅಂಥ ಎಚ್ಚರಿಕೆ ಕೊಟ್ಟಿರಬಹುದು. ಕಣ್ಣೆದುರು ಕಂಡ ಬೆಂಕಿ ಆ ಮಾತಿಗೆ ವಿವರ ತುಂಬಿರಬಹುದು.

ನಡೆದುಹೋದದ್ದರ ಬಗ್ಗೆ ಕರಾರುವಾಕ್ಕಾಗಿಯೂ ನಡೆಯಬೇಕಾದದ್ದರ ಬಗ್ಗೆ ಮಸುಕಾಗಿಯೂ ಮಾತಾಡುವ ಕಾಲಜ್ಞಾನ ತಾನು ಹುಟ್ಟಿದ ವರ್ಷವನ್ನು ತಾನೇ ಹೇಳಿಬಿಡುತ್ತದೆ. ಅದರಿಂದ ಅದರ ಬೆಲೆ ಕುಗ್ಗುವುದಿಲ್ಲ. ಊರು ಕಳೆದುಕೊಂಡವರಿಗೆ, ಇದು ಅರ್ಥವಿಲ್ಲದ ಸೋಲಲ್ಲ ಎಂದು ಹೇಳುವವರೊಬ್ಬರು ಬೇಕಿತ್ತು. ಭವಿಷ್ಯವಾಣಿ ಫಲಿಸಿತೇ ಎಂದು ಕೇಳುವ ಮೊದಲು, ಅದನ್ನು ಯಾರು, ಯಾವಾಗ, ಯಾರ ಸಮಾಧಾನಕ್ಕಾಗಿ ಬರೆದರು ಎಂದು ಕೇಳಿ.