ಲವ್ ಫೇಲ್ಯೂರ್ ಹಾಡಿಗೂ ಒಂದು ಎಕ್ಸ್‌ಪೈರಿ ಡೇಟ್ ಇರಲಿ

ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆಯ ಮದುವೆಗಳಿಗೆ ಬಂದವರಿಗೆ ಮೆಹಂದಿ ರಾತ್ರಿಯ ಗಮ್ಮತ್ತು ಗೊತ್ತೇ ಇರುತ್ತದೆ. ಅಂಗಳದಲ್ಲಿ ಶಾಮಿಯಾನ, ಒಂದು ಮೂಲೆಯಲ್ಲಿ ಆಳೆತ್ತರದ ಸ್ಪೀಕರ್, ಇನ್ನೊಂದು ಮೂಲೆಯಿಂದ ಕೋಳಿ ಸುಕ್ಕದ ಪರಿಮಳ. ಮೊದಲು ತುಳು ಹಾಡು, ಆಮೇಲೆ ಕನ್ನಡ, ಹಿಂದಿ, ಮಲಯಾಳ. ಊಟ ಮುಗಿಸಿ ಹಿರಿಯರು ಒಬ್ಬೊಬ್ಬರೇ ಮನೆಗೆ ಹೊರಡುವ ಹೊತ್ತಿಗೆ ಹುಡುಗರ ಗುಂಪೊಂದು ಡಿಜೆಯ ಬಳಿ ಹೋಗಿ ಕೇಳುವುದು ಏನು ಗೊತ್ತಾ? "ಅಣ್ಣ, ಒಂದು ಲವ್ ಫೇಲ್ಯೂರ್ ಸಾಂಗ್ ಹಾಕಿ." ಮದುಮಗಳ ಕೈಯ ಮೆಹಂದಿ ಇನ್ನೂ ಒಣಗಿಲ್ಲ, ಅಂಗಳದಲ್ಲಿ ಪ್ರೀತಿಗೆ ಬೈಯುವ ಹಾಡು! ಅದಕ್ಕೆ ಅತಿ ಹೆಚ್ಚು ಕುಣಿಯುವವರು ಯಾರೆಂದು ನೋಡಿದರೆ, ಇಲ್ಲಿಯವರೆಗೆ ಯಾರಿಗೂ ಪ್ರಪೋಸ್ ಕೂಡ ಮಾಡದವರು.

ಇದರಲ್ಲಿ ತಪ್ಪೇನೂ ಇಲ್ಲ. ಪ್ರೀತಿಯ ಹಾಡುಗಳಷ್ಟೇ ಪ್ರೀತಿ ಸಿಗದ ಹಾಡುಗಳೂ ನಮ್ಮವೇ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕಿಟಕಿಗೆ ತಲೆ ಒರಗಿಸಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ಇಂಥದ್ದೇ ಹಾಡು ಕೇಳುತ್ತಿರುತ್ತಾರೆ ಎಂದು ನನ್ನ ಊಹೆ. ನಾನೂ ಕೇಳುತ್ತೇನೆ. ಆದರೆ ಈ ಹಾಡುಗಳೆಲ್ಲ ಒಂದೇ ಥರದವಲ್ಲ. ಕೆಲವು ಗಾಯಕ್ಕೆ ಮುಲಾಮು ಹಚ್ಚುತ್ತವೆ, ಕೆಲವು ಗಾಯವನ್ನೇ ಕೆರೆಯುತ್ತವೆ, ಇನ್ನು ಕೆಲವು ಕೈಗೆ ಕಲ್ಲು ಕೊಡುತ್ತವೆ. ಯಾವುದು ಯಾವುದೆಂದು ಗುರುತಿಸುವುದು ನಮ್ಮ ವಯಸ್ಸಿನವರಿಗೆ ಅಗತ್ಯವಾಗಿ ಬೇಕಾದ ವಿದ್ಯೆ ಎಂದು ನನಗೆ ಅನಿಸುತ್ತದೆ.

ಅಳುವ ನಾಯಕನಿಂದ ನಗುವ ನಾಯಕನವರೆಗೆ

ನಮ್ಮ ಭಗ್ನಪ್ರೇಮಿಗಳಿಗೆಲ್ಲ ಮೂಲಪುರುಷ ದೇವದಾಸ. ಶರತ್‌ಚಂದ್ರ ಚಟರ್ಜಿಯವರ ಆ ಬಂಗಾಳಿ ಕಾದಂಬರಿ ಪ್ರಕಟವಾದದ್ದು 1917ರಲ್ಲಿ. ಪ್ರೀತಿ ಕೈತಪ್ಪಿದರೆ ಕುಡಿಯಬೇಕು, ಕೆಮ್ಮಬೇಕು, ಕೊನೆಗೆ ಸಾಯಬೇಕು ಎಂಬ ಸಿಲೆಬಸ್ ಅಲ್ಲಿಂದಲೇ ಭಾರತೀಯ ಸಿನಿಮಾಕ್ಕೆ ಬಂತು. ಕನ್ನಡವೂ ಅದನ್ನು ಓದಿತು. 1972ರ 'ನಾಗರಹಾವು' ಚಿತ್ರದ ರಾಮಾಚಾರಿಗೆ ಬದುಕು ಉಳಿಯಲಿಲ್ಲ. 1984ರ 'ಬಂಧನ'ದಲ್ಲಿ ಡಾಕ್ಟರ್ ಹರೀಶ್ ಮನಸ್ಸಿನಲ್ಲಿದ್ದುದನ್ನು ಹೇಳುವ ಮೊದಲೇ ನಂದಿನಿಗೆ ಬೇರೆಯವರೊಂದಿಗೆ ಮದುವೆ ನಿಶ್ಚಯವಾಗುತ್ತದೆ. ವಿಷ್ಣುವರ್ಧನ್ ಅಭಿನಯ, ಎಂ. ರಂಗರಾವ್ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಸೇರಿ ಅಪ್ಪ–ಅಮ್ಮಂದಿರ ತಲೆಮಾರನ್ನು ಥಿಯೇಟರಿನಲ್ಲಿ ಅಳಿಸಿದ್ದು ನಿಜ. ಆದರೆ ಹರೀಶನೂ ಬದುಕುವುದಿಲ್ಲ. ಒಳ್ಳೆಯ ಪ್ರೇಮಿ ಎಂದರೆ ಸತ್ತ ಪ್ರೇಮಿ ಎಂಬಂತೆ.

2006ರ ಕೊನೆಗೆ ಬಂದ 'ಮುಂಗಾರು ಮಳೆ' ಈ ಲೆಕ್ಕವನ್ನು ಸ್ವಲ್ಪ ಬದಲಿಸಿತು. ಯೋಗರಾಜ್ ಭಟ್ಟರು ಆ ಸಿನಿಮಾದಲ್ಲಿ ದೇವದಾಸ ಎಂಬ ಹೆಸರನ್ನು ನಾಯಕನಿಗೆ ಇಡದೆ ಒಂದು ಮೊಲಕ್ಕೆ ಇಟ್ಟರು. ಸಾಯುವುದು ಮೊಲ. ಪ್ರೀತಮ್ ತಾನು ಪ್ರೀತಿಸಿದವಳ ಮದುವೆಗೆ ಅಡ್ಡ ಬರದೆ, ಮಾತಾಡುವ ಚಟವನ್ನೂ ಬಿಡದೆ, ಹಿಂದೆ ಸರಿಯುತ್ತಾನೆ. ಅವನಿಗೆ ನೋವಿಲ್ಲವೆಂದಲ್ಲ. ಆ ನೋವಿನ ಬಿಲ್ಲನ್ನು ಅವನು ಹುಡುಗಿಯ ಕೈಗೆ ಕೊಡುವುದಿಲ್ಲ, ಅಷ್ಟೇ.

ಇದಾದ ಮೇಲೆ ಬಂದದ್ದು ತಮಾಷೆಯ ಹಾಡುಗಳ ಕಾಲ. 2009ರಲ್ಲಿ ಹಿಂದಿಯ 'ದೇವ್ ಡಿ' ಸಿನಿಮಾ ಭಗ್ನಪ್ರೇಮಕ್ಕೆ ಮದುವೆ ಮನೆಯ ಬ್ಯಾಂಡ್ ಸೆಟ್ ಬಾರಿಸಿತು. 2011ರ ನವೆಂಬರಿನಲ್ಲಿ ಧನುಷ್ ಬರೆದು ಹಾಡಿದ 'ಕೊಲವೆರಿ' ಬಂತು. ತಮಿಳು ಬಾರದ ನಮ್ಮೂರಿನ ಚಿಕ್ಕ ಮಕ್ಕಳೂ ಅದನ್ನು ಹಾಡಿದವರೇ. ಪ್ರೀತಿಯಲ್ಲಿ ಸೋತ ಹುಡುಗನಿಗೆ 'ಸೂಪ್ ಬಾಯ್' ಎಂಬ ಹೆಸರು ಸಿಕ್ಕಿದ್ದು ಆಗ. 2013ರಲ್ಲಿ ಶರಣ್ ನಟಿಸಿದ 'ವಿಕ್ಟರಿ'ಗೆ ಯೋಗರಾಜ್ ಭಟ್ಟರು ಬರೆದು, ಅರ್ಜುನ್ ಜನ್ಯ ಸಂಗೀತ ಕೊಟ್ಟು, ವಿಜಯ್ ಪ್ರಕಾಶ್ ಹಾಡಿದ ಖಾಲಿ ಬಾಟಲಿಯ ಹಾಡು ನಮ್ಮ ಕಡೆಯ ಎಷ್ಟು ಆರ್ಕೆಸ್ಟ್ರಾಗಳಲ್ಲಿ ಮೊಳಗಿತೋ ಲೆಕ್ಕವಿಲ್ಲ. ಸಿನಿಮಾದ ಹೊರಗೂ ಈ ದಾರಿ ಇತ್ತು. ಬಿ.ಆರ್. ಲಕ್ಷ್ಮಣರಾವ್ ಅವರ 'ಸುಬ್ಬಾಭಟ್ಟರ ಮಗಳೇ' ಎಂಬ ಕವಿತೆಯನ್ನು ಸುಗಮ ಸಂಗೀತದ ವೇದಿಕೆಗಳಲ್ಲಿ ಕೇಳಿ ನಕ್ಕವರು ಬಹಳ ಮಂದಿ. ಇವುಗಳಲ್ಲಿ ನಗುವುದು ಯಾರನ್ನು ನೋಡಿ? ಹುಡುಗಿಯನ್ನಲ್ಲ, ತನ್ನನ್ನೇ. ತನ್ನ ಪೆದ್ದುತನವನ್ನು ತಾನೇ ಹಾಡಿ ನಕ್ಕವನಿಗೆ ಮರುದಿನ ಕಾಲೇಜಿಗೆ ಹೋಗುವುದು ಸ್ವಲ್ಪ ಸುಲಭವಾಗುತ್ತದೆ.

ಮೆದುಳಿಗೂ ಗೊತ್ತು ಈ ಚಟ

'ಅವಳನ್ನು ಮರೆತುಬಿಡು ಮಾರಾಯ' ಎನ್ನುವುದು ಸುಲಭ. ಯಾಕೆ ಮರೆಯಲಾಗುವುದಿಲ್ಲ ಎಂಬುದಕ್ಕೆ ವಿಜ್ಞಾನಿಗಳು ಉತ್ತರ ಹುಡುಕಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಯಲ್ಲಿ ತಿರಸ್ಕೃತರಾಗಿ, ಆದರೂ ಪ್ರೀತಿ ಬಿಡಲಾರದ 15 ಮಂದಿಗೆ ಅವರ ಪ್ರೀತಿಪಾತ್ರರ ಫೋಟೊ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಕೊಕೇನ್ ಚಟದವರಲ್ಲಿ ಬಯಕೆ ಎದ್ದಾಗ ಚುರುಕಾಗುವ ಭಾಗಗಳೇ ಇವರಲ್ಲೂ ಚುರುಕಾದವು. ದಿನಗಳು ಕಳೆದಷ್ಟೂ ಅಂಟಿಕೊಳ್ಳುವಿಕೆಗೆ ಸಂಬಂಧಿಸಿದ ಭಾಗದ ಚಟುವಟಿಕೆ ಕಡಿಮೆಯಾಗುತ್ತಿರುವುದೂ ಅಲ್ಲಿ ಕಂಡುಬಂತು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ನೋವು ನಾಟಕವಲ್ಲ. 'ಅದೆಲ್ಲ ಈ ವಯಸ್ಸಿನ ಮಂಗಾಟ' ಎಂದು ಮನೆಯವರು ತಳ್ಳಿಹಾಕಬಾರದು. ಎರಡು, ಚಟ ಇಳಿಯಬೇಕಾದರೆ ಅದಕ್ಕೆ ದಿನ ಬೇಕು, ಪ್ರತಿದಿನ ಹೊಸ ಡೋಸ್ ಬೇಡ. ರಾತ್ರಿ ಹನ್ನೆರಡಕ್ಕೆ ಅವಳ ಡಿಪಿ ತೆರೆದಿಟ್ಟು ಅದೇ ಹಾಡನ್ನು ಇಪ್ಪತ್ತನೇ ಸಲ ಕೇಳುವುದು ಡೋಸ್ ಅಲ್ಲದೆ ಇನ್ನೇನು? ದುಃಖದ ಹಾಡು ಕೆಟ್ಟದ್ದಲ್ಲ. 772 ಮಂದಿಯನ್ನು ಪ್ರಶ್ನಿಸಿ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ದುಃಖದ ಸಂಗೀತ ಜನರಲ್ಲಿ ಹೆಚ್ಚಾಗಿ ಎಬ್ಬಿಸುವುದು ಬರೀ ದುಃಖವನ್ನಲ್ಲ, ಹಳೆಯ ನೆನಪಿನ ಹಿತವಾದ ಹಂಬಲವನ್ನು. ಒಂಟಿತನದಲ್ಲಿ ಅದು ಜೊತೆಗಾರನಂತೆ. ಆದರೆ ಜೊತೆಗಾರ ಮನೆಯಲ್ಲೇ ಠಿಕಾಣಿ ಹೂಡಿದರೆ ಕಷ್ಟ.

ಹಾಡು ಯಾರ ಕಡೆಗೆ ಬೆರಳು ತೋರಿಸುತ್ತದೆ?

ಈಗ ಮೂರನೇ ಬಗೆಯ ಹಾಡಿಗೆ ಬರೋಣ. ಹುಡುಗಿಯರೆಂದರೆ ಮೋಸ, ನನ್ನನ್ನು ಒಪ್ಪದವಳು ಅಹಂಕಾರಿ, ನನಗೆ ಸಿಗದಿದ್ದರೆ ಯಾರಿಗೂ ಸಿಗಬಾರದು. ಈ ಅರ್ಥದ ಹಾಡುಗಳು ಎಲ್ಲ ಭಾಷೆಗಳಲ್ಲೂ ಇವೆ. ಕನ್ನಡದಲ್ಲಿ 2000ದಲ್ಲಿ ಬಂದ 'ಪ್ರೀತ್ಸೆ', ಹಿಂದಿಯ 'ಡರ್' ಚಿತ್ರದ ರೀಮೇಕ್. ಬೇರೊಬ್ಬನನ್ನು ಪ್ರೀತಿಸುವವಳ ಬೆನ್ನು ಬಿಡದೆ ಕಾಡುವವನು ಅಲ್ಲಿ ಖಳನಾಯಕನೇ. ಆದರೆ ಹಂಸಲೇಖರ ಸಂಗೀತದಲ್ಲಿ ಅವನ ಹಾಡು ಎಷ್ಟು ಹಿಟ್ ಆಯಿತೆಂದರೆ, ಕಥೆ ಮರೆತರೂ ಹಾಡು ಉಳಿಯಿತು. ಕಾಟ ಕೊಡುವುದೇ ಪ್ರೀತಿಯ ಆಳ ಎಂಬಂತೆ.

ಇದು ಬರೀ ಸಿನಿಮಾ ಚರ್ಚೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಮೂರು ಊರುಗಳ ಹೆಸರೂ ಇದೇ ಕಾರಣಕ್ಕೆ ಪತ್ರಿಕೆಗಳಲ್ಲಿ ಬಂದಿವೆ. 2018ರ ಫೆಬ್ರವರಿಯಲ್ಲಿ ಸುಳ್ಯದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಚೂರಿ ಇರಿತಕ್ಕೆ ಬಲಿಯಾದಳು, ಬಂಧಿತನಾದವನೂ ವಿದ್ಯಾರ್ಥಿ. 2023ರ ಆಗಸ್ಟಿನಲ್ಲಿ ಪುತ್ತೂರಿನ ಮಹಿಳಾ ಠಾಣೆಯ ಹತ್ತಿರವೇ ಯುವತಿಯೊಬ್ಬಳ ಕೊಲೆಯಾಯಿತು. 2024ರ ಮಾರ್ಚ್ 4ರಂದು ಕಡಬದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪರೀಕ್ಷೆಗೆ ಓದುತ್ತಿದ್ದ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ಎರಚಲಾಯಿತು. ಒಬ್ಬಳನ್ನು ಗುರಿಯಾಗಿಸಿ ಬಂದವನಿಂದ ಪಕ್ಕದಲ್ಲಿ ಕುಳಿತಿದ್ದವರೂ ಸುಟ್ಟುಕೊಂಡರು. ಆ ವಾರ ನಮ್ಮ ಕಡೆಯ ಎಷ್ಟೋ ಅಮ್ಮಂದಿರು ಮಗಳು ಮನೆಗೆ ಮುಟ್ಟುವವರೆಗೆ ರಸ್ತೆ ಬದಿಯಲ್ಲಿ ಕಾದು ನಿಂತರು.

ಹಾಡು ಕೇಳಿ ಯಾರೂ ಚೂರಿ ಹಿಡಿಯುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಒಂದೇ ಹಾಡನ್ನು ಲಕ್ಷ ಮಂದಿ ಕೇಳುತ್ತಾರೆ, ಅಪರಾಧ ಮಾಡುವವನು ಒಬ್ಬ. ಆದರೆ ಅಪರಾಧಕ್ಕೆ ಮೊದಲು ಒಂದು ವಾತಾವರಣ ಇರುತ್ತದೆ. ನನ್ನ ಪರಿಚಯದ ಹುಡುಗಿಯೊಬ್ಬಳು ಸಹಪಾಠಿಯ ಪ್ರಪೋಸಲನ್ನು ಮರ್ಯಾದೆಯಿಂದಲೇ ಬೇಡವೆಂದಳು. ಆಮೇಲೆ ಒಂದು ತಿಂಗಳು ಅವನ ಸ್ಟೇಟಸ್ ತುಂಬಾ ಮೋಸಗಾತಿಯ ಹಾಡುಗಳು. ಅವಳು ಬಸ್ಸು ಹತ್ತಿದ ಕೂಡಲೇ ಹಿಂದಿನ ಸೀಟಿನಲ್ಲಿ ಯಾರದೋ ಮೊಬೈಲಿನಲ್ಲಿ ಅದೇ ಹಾಡು, ಜೊತೆಗೆ ಕಿಸಕ್ಕನೆ ನಗು. ಕೊನೆಗೆ ಅವಳು ಒಂದು ಗಂಟೆ ಮೊದಲಿನ ಬಸ್ಸಿಗೆ ಬರತೊಡಗಿದಳು. ಆ ಹುಡುಗ ಅವಳಿಗೆ ಒಂದು ಕೆಟ್ಟ ಮಾತೂ ಹೇಳಿರಲಿಲ್ಲ. ಅವನ ಪರವಾಗಿ ಹಾಡು ಹೇಳಿತ್ತು. 'ತಮಾಷೆಗೆ ಹಾಕಿದ್ದು' ಎಂದರೆ ಮುಗಿಯಿತು, ಯಾರ ಮೇಲೆ ದೂರು ಕೊಡುವುದು?

ಹೆಣ್ಣಿನ ಲವ್ ಫೇಲ್ಯೂರ್ ಎಲ್ಲಿದೆ?

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಪ್ರೀತಿ ನಿರಾಕರಿಸಲ್ಪಡುವುದು ಹುಡುಗರಿಗೆ ಮಾತ್ರವೇ? ಹುಡುಗಿಯರೂ ಬೇಡವೆನಿಸಿಕೊಳ್ಳುತ್ತಾರೆ. ಆದರೆ ಮೆಹಂದಿ ರಾತ್ರಿಯಲ್ಲಿ ಹುಡುಗಿಯರ ಗುಂಪು ಹೋಗಿ ಕೇಳಬಹುದಾದ ಕುಣಿತದ ಹಾಡು ಕನ್ನಡದಲ್ಲಿ ಎಷ್ಟಿದೆ? ಇಂಗ್ಲಿಷಿನಲ್ಲಿ ಗ್ಲೋರಿಯಾ ಗೇನರ್ 1978ರಲ್ಲೇ ತಾನು ಬದುಕಿ ಉಳಿದದ್ದನ್ನು ಡಿಸ್ಕೊ ತಾಳದಲ್ಲಿ ಸಾರಿದರು. ನಮ್ಮಲ್ಲಿ ಹುಡುಗಿಗೆ ಸಿಗುವುದು ಹೆಚ್ಚಾಗಿ ಅಳುವ ಹಾಡು ಅಥವಾ ಬೈಸಿಕೊಳ್ಳುವ ಹಾಡು.

ಆದರೆ ನಮ್ಮ ಮಣ್ಣಿನಲ್ಲೇ ಒಬ್ಬಳಿದ್ದಾಳೆ. 'ಭೀಷ್ಮ ವಿಜಯ' ಪ್ರಸಂಗದ ಅಂಬೆ. ಸಾಲ್ವನೂ ಬೇಡವೆಂದ, ಭೀಷ್ಮನೂ ಬೇಡವೆಂದ. ಯಕ್ಷಗಾನದಲ್ಲಾಗಲಿ ತಾಳಮದ್ದಳೆಯಲ್ಲಾಗಲಿ ಅಂಬೆ ಎದ್ದು ನಿಂತು ಪ್ರಶ್ನೆ ಹಾಕುವಾಗ ಸಭೆ ನಿಶ್ಶಬ್ದವಾಗುವುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಅವಳ ನೋವು ಹಗೆಯಾಗಿ, ಅವಳನ್ನೇ ಬೆಂಕಿಗೆ ತಳ್ಳುತ್ತದೆ. ಕಥೆ ಅವಳ ಮಾತನ್ನು ಗೌರವಿಸುತ್ತದೆ, ಹಗೆಯ ಬೆಲೆಯನ್ನೂ ತೋರಿಸುತ್ತದೆ. ಪಾರ್ತಿಸುಬ್ಬನ 'ಪಂಚವಟಿ'ಯ ಶೂರ್ಪನಖಿಯೂ ಹಾಗೆಯೇ. ಅಣ್ಣ ತಮ್ಮನ ಹತ್ತಿರ ಕಳುಹಿಸಿ, ತಮ್ಮ ಅಣ್ಣನ ಹತ್ತಿರ ಕಳುಹಿಸಿ ಆಡುವ ಆ ಪ್ರಸಂಗ ಎಷ್ಟು ನಗಿಸಿದರೂ ಕೊನೆಗೆ ರಕ್ತದಲ್ಲಿ ನಿಲ್ಲುತ್ತದೆ. ಒಬ್ಬರು ಮನಸ್ಸು ಬಿಚ್ಚಿದಾಗ ಸ್ನೇಹಿತರೆಲ್ಲ ಸೇರಿ ಅದನ್ನು ಆಟ ಮಾಡಬಾರದು ಎಂಬುದು ನನಗೆ ಅದರಲ್ಲಿ ಕಾಣುವ ಪಾಠ. ಬೇಡವೆಂದವರಿಗೂ ಮರ್ಯಾದೆ, ಬೇಡವೆನಿಸಿಕೊಂಡವರಿಗೂ ಮರ್ಯಾದೆ.

ಪ್ಲೇಲಿಸ್ಟಿಗೆ ಕೆಲವು ನಿಯಮ

ಸಮಾಧಾನ ಹೇಳುವವರು 'ಒಂದು ಬಸ್ಸು ಹೋದರೆ ಇನ್ನೊಂದು' ಎನ್ನುತ್ತಾರೆ. ಅವರು ಸುಬ್ರಹ್ಮಣ್ಯದ ಕಡೆಯ ಒಳರಸ್ತೆಗಳಲ್ಲಿ ಬಸ್ಸು ಕಾದವರಲ್ಲ. ಇನ್ನೊಂದು ಬಸ್ಸು ಬರುತ್ತದೋ ಇಲ್ಲವೋ, ಕತ್ತಲಾಗುವ ಮೊದಲು ನಡೆಯಲು ಶುರು ಮಾಡುವುದೇ ಜಾಣತನ. ಹಾಗಾಗಿ ನನ್ನ ಗೆಳೆಯ ಗೆಳತಿಯರಿಗೆ ನಾನು ಹೇಳುವುದು ಇಷ್ಟು.

ಮೊದಲ ಕೆಲವು ದಿನ ಅಳುವ ಹಾಡು ಕೇಳಿ, ಹೊಟ್ಟೆ ತುಂಬ ಅಳಿ. ಆಮೇಲೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಹಾಡಿಗೆ ದಾಟಿ. ಬಾಟಲಿಯ ಹಾಡು ಕೇಳಲಿಕ್ಕೆ ಬಾಟಲಿ ಬೇಕಾಗಿಲ್ಲ. ಹಾಡನ್ನು ಸ್ಟೇಟಸ್ಸಿಗೆ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ನನ್ನ ನೋವಿಗೋ, ಅವಳಿಗೆ ಕೇಳಿಸಲಿಕ್ಕೋ? ಎರಡನೆಯದಾದರೆ ಡಿಲೀಟ್ ಮಾಡಿ. ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು, ಆನ್‌ಲೈನಿನಲ್ಲಿ ಅವಳ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೇ ಮೂರು ವರ್ಷದವರೆಗೆ ಜೈಲು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಪೊಲೀಸ್ ವೆರಿಫಿಕೇಶನ್ ಇರುತ್ತದೆ ಎಂಬುದನ್ನೂ ನೆನಪಿಡಿ.

ಕಾಟ ಅನುಭವಿಸುತ್ತಿರುವವರು ಬಸ್ಸು ಬದಲಿಸುವ ಮೊದಲು ಮನೆಯಲ್ಲೋ, ಲೆಕ್ಚರರ್ ಹತ್ತಿರವೋ ಹೇಳಿ. 112 ಮತ್ತು ಮಹಿಳಾ ಸಹಾಯವಾಣಿ 181 ಇವೆ. ಬದುಕೇ ಬೇಡವೆನ್ನಿಸುವಷ್ಟು ನೋವಾದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸ್ನೇಹಿತ ಕುಸಿದು ಕುಳಿತಿದ್ದರೆ 'ಬಿಡು ಮಾರಾಯ, ಅವಳೇ ಸರಿ ಇಲ್ಲ' ಎಂದು ಬೆಂಕಿಗೆ ತುಪ್ಪ ಸುರಿಯಬೇಡಿ. 'ಬಾ, ಒಂದು ಚಾ ಕುಡಿಯುವ' ಎನ್ನಿ.

ಪ್ರೀತಿ ಸಿಗದಿರುವುದು ಸೋಲೇನೂ ಅಲ್ಲ. ಇನ್ನೊಬ್ಬರ ಮನಸ್ಸು ನಮ್ಮ ಪರೀಕ್ಷೆಯ ಹಾಲ್ ಟಿಕೆಟ್ ಅಲ್ಲ, ಕಷ್ಟಪಟ್ಟರೆ ಸಿಗಲೇಬೇಕು ಎನ್ನಲಿಕ್ಕೆ. ಬೇಕಾದಷ್ಟು ಹಾಡಿ, ಪ್ರೀತಿಗೆ ಬೈಯಿರಿ, ಹಣೆಬರಹಕ್ಕೆ ಬೈಯಿರಿ, ನಿಮ್ಮ ಪೆದ್ದುತನಕ್ಕೂ ಬೈಯಿರಿ. ಅವಳ ಹೆಸರನ್ನು ಮಾತ್ರ ಆ ಹಾಡಿನಿಂದ ಹೊರಗಿಡಿ.